ತೋಟದಲ್ಲೊಂದು ಮೂಲೆಯನ್ನು ಬಿಡೋಣ

ಸೆಪ್ಟೆಂಬರ್ ತಿಂಗಳು ಸಮೀಪಿಸಿತೆಂದರೆ ನಮ್ಮ ಕರಾವಳಿಯ ದೇವಾಲಯಗಳ ಮೆಟ್ಟಿಲುಗಳ ಮೇಲೆ ಪುಟ್ಟ ಮಕ್ಕಳ ಸಾಲು ಕಾಣತೊಡಗುತ್ತದೆ. 8ನೆಯ ತಾರೀಖಿನಂದು ಬರುವ ಮಾತೆ ಮರಿಯಮ್ಮನವರ ಜನ್ಮೋತ್ಸವಕ್ಕೆ ಮುನ್ನ ಒಂಬತ್ತು ದಿನಗಳ ಕಾಲ ಮಕ್ಕಳು ಹೂಗಳನ್ನು ತಂದು ಬಾಲಮಾತೆಯ ಪಾದಗಳಿಗೆ ಅರ್ಪಿಸುವುದು ನಮ್ಮ ಹಿರಿಯರು ಬಿಟ್ಟುಹೋದ ಸುಂದರ ಸಂಪ್ರದಾಯ. ನಾವು ಬಾಲಕರಾಗಿದ್ದಾಗ ಆ ಬುಟ್ಟಿಗಳಲ್ಲಿ ಇರುತ್ತಿದ್ದುದು ಅಂಗಳದ ಕರ್ಣಕುಂಡಲ, ಬೇಲಿಯ ದಾಸವಾಳ, ಗುಡ್ಡದ ಕೇಪಳ, ಬಾವಿಕಟ್ಟೆಯ ಬದಿಯ ಅಬ್ಬಲಿಗೆ. ಹೂ ಕೊಯ್ಯುವಾಗ ಅದರೊಳಗೆ ಕುಳಿತ ದುಂಬಿ ಬೆರಳಿಗೆ ಕಚ್ಚೀತೆಂದು ಮೊದಲು ಊದಿ ನೋಡುತ್ತಿದ್ದೆವು. ಇಂದು ಬುಟ್ಟಿಗಳು ಹಿಂದಿಗಿಂತ ಅಂದವಾಗಿವೆ. ಆದರೆ ಹೂಗಳು ಬಹುಮಟ್ಟಿಗೆ ಪೇಟೆಯಿಂದ ಬಂದವು. ಮುಂಜಾನೆಯ ಲಾರಿಯಲ್ಲಿ ಘಟ್ಟ ಇಳಿದು ಬಂದ ಸೇವಂತಿಗೆಯೂ ಚೆಂಡುಹೂವೂ ಮಾರು ಲೆಕ್ಕದಲ್ಲಿ ಕೊಂಡು ತಂದವು. ಅವುಗಳೊಳಗೆ ಊದಿ ನೋಡಬೇಕಾದುದು ಏನೂ ಇರುವುದಿಲ್ಲ.

ಎರಡು ವರ್ಷಗಳ ಹಿಂದೆ ಇಂತಹದೇ ಒಂದು ನವದಿನದ ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ವೃದ್ಧ ವಿಧವೆಯೊಬ್ಬರು ಗುರುನಿವಾಸದ ಜಗಲಿಗೆ ಬಂದರು. ಮಕ್ಕಳೆಲ್ಲ ಹೊರದೇಶದಲ್ಲಿರುವ, ಒಂಟಿಯಾಗಿ ಮನೆ ನೋಡಿಕೊಂಡಿರುವ ತಾಯಿ. ಅವರ ಬೇಡಿಕೆ ವಿಚಿತ್ರವಾಗಿತ್ತು. "ಫಾದರ್, ನನ್ನ ಕುಂಬಳದ ಬಳ್ಳಿಯನ್ನು ಒಮ್ಮೆ ಆಶೀರ್ವದಿಸಬೇಕು. ಹೂವಿಗೆ ಕಡಿಮೆಯಿಲ್ಲ, ಆದರೆ ಕಾಯಿ ನಿಲ್ಲುವುದಿಲ್ಲ. ಯಾರದೋ ಕಣ್ಣು ತಾಗಿದೆ" ಎಂದರು. ಮರುದಿನ ನಾವು ಪವಿತ್ರ ಜಲದೊಡನೆ ಹೋದೆವು. ಬಳ್ಳಿ ಆರೋಗ್ಯವಾಗಿತ್ತು. ಚಪ್ಪರದ ತುಂಬ ಹಳದಿ ಹೂಗಳು. ಕೆಳಗೆ ನೆಲದ ಮೇಲೆ ಗೋಲಿಯಷ್ಟು ದೊಡ್ಡದಾದ ಮಿಡಿಗಳು ಹಳದಿಯಾಗಿ ಉದುರಿ ಬಿದ್ದಿದ್ದವು. ಅಂಗಳದ ತುಂಬ ಹೊಸದಾಗಿ ಹಾಕಿದ ಸಿಮೆಂಟ್ ಬಿಲ್ಲೆಗಳು, ಸುತ್ತಲೂ ನುಣುಪಾದ ಕಾಂಪೌಂಡ್ ಗೋಡೆ. ಅರ್ಧ ಗಂಟೆ ಅಲ್ಲಿದ್ದೆವು. ಅಷ್ಟು ಹೂಗಳಿದ್ದರೂ ಒಂದೇ ಒಂದು ಜೇನುನೊಣದ ಸದ್ದು ಕೇಳಲಿಲ್ಲ. ಬಳ್ಳಿಗೆ ಯಾರ ಕಣ್ಣೂ ತಾಗಿರಲಿಲ್ಲ. ಬರಬೇಕಾದ ಅತಿಥಿ ಬಂದಿರಲಿಲ್ಲ, ಅಷ್ಟೇ.

ಬಳ್ಳಿ ಕಾಯುತ್ತಿದ್ದ ಅತಿಥಿ

ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ಅರಳುವ ಮೊದಲೇ ಒಂದು ಪುಟ್ಟ ಮಿಡಿ ಇರುತ್ತದೆ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪಿದರೆ ಆ ಮಿಡಿ ಕಾಯಾಗುತ್ತದೆ, ತಲುಪದಿದ್ದರೆ ನಾಲ್ಕೈದು ದಿನಗಳಲ್ಲಿ ಹಳದಿಯಾಗಿ ಉದುರುತ್ತದೆ. ಕುಂಬಳದ ಪರಾಗ ಭಾರವಾದುದು, ಅಂಟಾದುದು. ಗಾಳಿಗೆ ಹಾರಲಾರದು. ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಆ ಕೆಲವೇ ಗಂಟೆಗಳಲ್ಲಿ ಜೇನುನೊಣವೋ ದುಂಬಿಯೋ ಬಂದು ಹೋಗಬೇಕು. ಬಾರದಿದ್ದರೆ ಗೊಬ್ಬರ, ನೀರು, ಬೆವರು ಎಲ್ಲವೂ ವ್ಯರ್ಥ.

ಪ್ರತಿಯೊಂದು ಗಿಡಕ್ಕೂ ಅದರದೇ ಆದ ಅತಿಥಿ ಇದ್ದಾನೆ. ಹೀರೆಯ ಹೂ ಸಂಜೆಗೆ ಅರಳುತ್ತದೆ. ಪಡವಲದ ಜಾಲರಿಯಂತಹ ಬಿಳಿ ಹೂ ಕತ್ತಲಾದ ಮೇಲೆ ಪತಂಗಗಳಿಗಾಗಿ ಬಿಚ್ಚಿಕೊಳ್ಳುತ್ತದೆ. ಬದನೆಯ ಹೂವಿನ ಪರಾಗಕೋಶಕ್ಕೆ ತುದಿಯಲ್ಲಿ ಸಣ್ಣ ರಂಧ್ರ ಮಾತ್ರವಿದೆ. ಅದನ್ನು ತಬ್ಬಿಹಿಡಿದು ಮೈಯನ್ನು ಝೇಂಕರಿಸುತ್ತ ನಡುಗಿಸಿದರೆ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರಿದಂತೆ ಪರಾಗ ಉದುರುತ್ತದೆ. ಈ ವಿದ್ಯೆ ಪೆಟ್ಟಿಗೆಯ ಜೇನಿಗೆ ತಿಳಿಯದು. ಮರ ಕೊರೆಯುವ ಕಪ್ಪು ದುಂಬಿಗೂ ಮಣ್ಣಿನಲ್ಲಿ ಗೂಡು ಮಾಡುವ ನೀಲಿ ಪಟ್ಟೆಯ ಒಂಟಿ ಜೇನಿಗೂ ಅದು ಕರಗತ. ನಮ್ಮ ಅಂಕೋಲೆಯ ಹೆಮ್ಮೆಯಾದ, 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕರಿ ಇಶಾಡ ಮಾವಿನ ಸಂಗತಿ ಇನ್ನೂ ವಿನೋದದ್ದು. ಮಾವಿನ ಹೂಗೊಂಚಲಿನಲ್ಲಿ ಜೇನಿಗಿಂತ ಹೆಚ್ಚು ದುಡಿಯುವುದು ಬಹಳ ಸಲ ನಾವು ಅಸಹ್ಯಪಡುವ ನೊಣಗಳು. ಇಶಾಡದ ರಸದೊಡನೆ ರೊಟ್ಟಿ ತಿನ್ನುವಾಗ ನೊಣಕ್ಕೂ ಒಂದು ಕೃತಜ್ಞತೆ ಸಲ್ಲಬೇಕಾಗಿದೆ!

ಇದು ನಮ್ಮ ಹಿತ್ತಿಲಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಲೋಕದ ಮುಖ್ಯ ಆಹಾರ ಬೆಳೆಗಳ ಪೈಕಿ ಸುಮಾರು ಮುಕ್ಕಾಲು ಪಾಲು ಒಂದಲ್ಲ ಒಂದು ಪ್ರಮಾಣದಲ್ಲಿ ಕೀಟ, ಪಕ್ಷಿ, ಬಾವಲಿಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಕ್ಕಿ ಗೋಧಿಗಳಿಗೆ ಗಾಳಿಯೂ ಸ್ವಪರಾಗವೂ ಸಾಕು. ಆದರೆ ಅನ್ನದ ಪಕ್ಕದಲ್ಲಿರುವ ಪಲ್ಯ, ಸಾರು, ಹಣ್ಣು, ಎಣ್ಣೆಗಳ ಬಹುಭಾಗ ಈ ಕಿರಿಯ ಜೀವಿಗಳ ದುಡಿಮೆಯ ಫಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಾಯಿಪಾಠದಿಂದಲ್ಲದೆ ಬದುಕಿನಿಂದ ಅರಿತವರಿದ್ದರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಯಾವ ಕಾಡುಮರದ ಬೀಜ ಯಾವಾಗ ಬಲಿಯುತ್ತದೆ, ಯಾವ ತಾಯಿಮರದಿಂದ ಆರಿಸಬೇಕು ಎಂಬುದನ್ನು ಕಣ್ಣಳತೆಯಿಂದಲೇ ಹೇಳಬಲ್ಲವರಾಗಿದ್ದರು. 2020ರ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಆ ಹಾಲಕ್ಕಿ ತಾಯಿ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅವರು ಆರಿಸಿದ ಬೀಜಗಳಲ್ಲಿ ಅದೆಷ್ಟರ ಹಿಂದೆ ಹೆಸರಿಲ್ಲದ ಒಂದು ಹುಳುವಿನ ಪಯಣವಿತ್ತೋ!

ನಮ್ಮದೊಂದು ತಪ್ಪೊಪ್ಪಿಗೆ

ಅನ್ಯರಿಗೆ ಉಪದೇಶಿಸುವ ಮುನ್ನ ನಮ್ಮ ಪಾಪವನ್ನು ಹೇಳಿಕೊಳ್ಳುವುದು ಯುಕ್ತ. ಗುರುದೀಕ್ಷೆ ಪಡೆದು ಕೆಲವೇ ವರ್ಷಗಳಾಗಿದ್ದ ಕಾಲ. ಅಂಕೋಲೆಯ ಕಡೆ ಒಂದು ಸಣ್ಣ ಧರ್ಮಕೇಂದ್ರದ ಹೊಣೆ ನಮ್ಮ ಮೇಲಿತ್ತು. ಜನವರಿಯಲ್ಲಿ ವಾರ್ಷಿಕ ಹಬ್ಬ. ಗಂಟೆಗೋಪುರದ ಕಮಾನಿನ ಕೆಳಗೆ ಹೆಜ್ಜೇನು ಕಟ್ಟಿತ್ತು. ಪ್ರತಿ ವರ್ಷವೂ ಮಾವು ಗೇರು ಹೂ ಬಿಡುವ ಹೊತ್ತಿಗೆ ಬಂದು, ಕೆಲವು ತಿಂಗಳಿದ್ದು, ತಾನಾಗಿ ಹೊರಟುಹೋಗುತ್ತದೆ, ಯಾರಿಗೂ ಕಚ್ಚಿಲ್ಲ ಎಂದು ಹಿರಿಯರು ಹೇಳಿದರು. ಆದರೆ ಹಬ್ಬಕ್ಕೆ ಧರ್ಮಾಧ್ಯಕ್ಷರು ಬರುವವರಿದ್ದರು, ಗರ್ನಾಲು ಸಿಡಿಸುವುದಿತ್ತು. ಮೆರವಣಿಗೆಯಲ್ಲಿ ಒಂದು ಮಗುವಿಗೆ ಅಪಾಯವಾದರೆ ಯಾರು ಹೊಣೆ? ನಾವು ಭಯಪಟ್ಟೆವು. ಗರ್ನಾಲನ್ನು ನಿಲ್ಲಿಸುವ ಯೋಚನೆ ನಮಗೆ ಹೊಳೆಯಲಿಲ್ಲ. ಜೇನನ್ನು ನಿಲ್ಲಿಸುವ ಯೋಚನೆ ಹೊಳೆಯಿತು.

ಹಬ್ಬದ ಹಿಂದಿನ ವಾರ ಒಂದು ರಾತ್ರಿ ತೆಂಗಿನ ಗರಿಯ ಸೂಡಿಗಳನ್ನು ಉದ್ದನೆಯ ಬಿದಿರಿಗೆ ಕಟ್ಟಿ ತಟ್ಟಿಗೆ ಬೆಂಕಿ ಹಿಡಿಸಿದರು. ಅಪ್ಪಣೆ ನಮ್ಮದು. ಬೆಂಕಿಯ ಬೆಳಕಿಗೆ ಹುಳುಗಳು ತಾವಾಗಿ ಎರಗಿ ಬಿದ್ದವು. ಬೆಳಗ್ಗೆ ಪೂಜೆಗೆ ಮುನ್ನ ದೇವಾಲಯದ ಸೇವಕ ಮೆಟ್ಟಿಲುಗಳನ್ನು ಗುಡಿಸಿ ಮೂರು ಬುಟ್ಟಿ ತುಂಬಿದ. ಅವನು ಏನೂ ಮಾತನಾಡಲಿಲ್ಲ. ಕೆಲವು ಇನ್ನೂ ಜೀವವಿದ್ದು ಕಾಲಾಡಿಸುತ್ತಿದ್ದವು. ಹಬ್ಬ ಸಾಂಗವಾಗಿ ನೆರವೇರಿತು.

ಏಪ್ರಿಲಿನಲ್ಲಿ ಪಾಸ್ಖ ಜಾಗರಣೆ ಬಂದಿತು. ಹೊಸ ಬೆಂಕಿಯಿಂದ ಪಾಸ್ಖ ಮೇಣದ ಬತ್ತಿಯನ್ನು ಹೊತ್ತಿಸಿ, ಕತ್ತಲು ತುಂಬಿದ ದೇವಾಲಯದಲ್ಲಿ ಪುನರುತ್ಥಾನದ ಮಹಾಘೋಷಣೆಯನ್ನು ಹಾಡಲು ನಿಂತೆವು. ಗುರುಮಠದಲ್ಲಿ ಕಲಿತ ಲ್ಯಾಟಿನ್ ಮೂಲ ಮನಸ್ಸಿನಲ್ಲಿ ಹಾದುಹೋಯಿತು. ಆ ಪ್ರಾಚೀನ ಸ್ತುತಿಯಲ್ಲಿ ಧರ್ಮಸಭೆ ದೇವರಿಗೆ ಬತ್ತಿಯನ್ನು ಅರ್ಪಿಸುವಾಗ, ಅದರ ಮೇಣವನ್ನು ಸಿದ್ಧಗೊಳಿಸಿದ ಜೇನುನೊಣವನ್ನು ಹೆಸರಿಸಿ ಸ್ಮರಿಸುತ್ತದೆ. ವರ್ಷದ ಅತ್ಯಂತ ಪವಿತ್ರ ರಾತ್ರಿಯಲ್ಲಿ, ಕ್ರಿಸ್ತರ ಬೆಳಕಿನ ಮುಂದೆ, ಒಂದು ಹುಳುವಿಗೆ ಗೌರವ! ನಾವು ಅದೇ ಹುಳುವನ್ನು ಅದೇ ದೇವಾಲಯದ ಮೆಟ್ಟಿಲುಗಳ ಮೇಲೆ ಬುಟ್ಟಿಗಟ್ಟಲೆ ಗುಡಿಸಿ ಎಸೆದಿದ್ದೆವು. ಅಂದು ನಮ್ಮ ಸ್ವರ ನಡುವೆ ತಡವರಿಸಿದುದನ್ನು ಜನರು ದಣಿವೆಂದು ತಿಳಿದರು. ಮುಂದಿನ ಜನವರಿಯಲ್ಲಿ ಹೆಜ್ಜೇನು ಆ ಕಮಾನಿಗೆ ಬರಲಿಲ್ಲ. ನಾವು ಅಲ್ಲಿದ್ದಷ್ಟು ಕಾಲವೂ ಬರಲಿಲ್ಲ.

ಧರ್ಮಸಭೆ ಮತ್ತು ಜೇನು

ನಮ್ಮ ಪರಂಪರೆಗೆ ಜೇನು ಹೊಸತಲ್ಲ. ಡಿಸೆಂಬರ್ 7ರಂದು ನಾವು ಸ್ಮರಿಸುವ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಜೇನು ಸಾಕುವವರ ಪಾಲಕ ಸಂತರು. ತೊಟ್ಟಿಲಲ್ಲಿದ್ದ ಅವರ ತುಟಿಗಳ ಮೇಲೆ ಜೇನುಹುಳುಗಳು ಬಂದು ಕುಳಿತು ನೋಯಿಸದೆ ಹಾರಿಹೋದುವೆಂದು ಐತಿಹ್ಯವಿದೆ. ತುಡುವೆ ಜೇನನ್ನು ಸಾಕಲು ದಕ್ಷಿಣ ಭಾರತದಲ್ಲಿ ಇಂದಿಗೂ ಬಳಕೆಯಲ್ಲಿರುವ 'ನ್ಯೂಟನ್ ಪೆಟ್ಟಿಗೆ'ಯ ಹೆಸರನ್ನು ಕೇಳಿದವರು ಅದು ಸೇಬು ಹಣ್ಣಿನ ನ್ಯೂಟನ್ನನದೆಂದು ಭಾವಿಸುವುದುಂಟು. ಅದನ್ನು ರೂಪಿಸಿದವರು ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನ ಫಾದರ್ ನ್ಯೂಟನ್. 1911ರ ಸುಮಾರಿನಿಂದ ಅವರು ಹಳ್ಳಿಯ ಜನರಿಗೆ ಜೇನು ಸಾಕಣೆಯ ತರಬೇತಿ ಕೊಟ್ಟರು. ವಿಶ್ವಸಂಸ್ಥೆ ಮೇ 20ನ್ನು ವಿಶ್ವ ಜೇನು ದಿನವೆಂದು ಆಚರಿಸುತ್ತದೆ. ಅದು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಕಾಲದಲ್ಲಿ ವಿಯೆನ್ನಾದಲ್ಲಿ ಜೇನು ಕೃಷಿ ಕಲಿಸಿದ ಸ್ಲೊವೇನಿಯಾದ ಆಂಟನ್ ಯಾನ್ಶ ಎಂಬುವರು 1734ರಲ್ಲಿ ಸ್ನಾನದೀಕ್ಷೆ ಪಡೆದ ದಿನ. ಒಂದು ಹಳ್ಳಿಯ ದೀಕ್ಷಾಸ್ನಾನದ ದಾಖಲೆಯಿಂದ ಜಗತ್ತಿಗೆಲ್ಲ ಒಂದು ದಿನಾಂಕ ದೊರೆತಿದೆ!

ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಅರಿಸ್ಟಾಟಲನನ್ನು ಓದಿದೆವು. ಜೇನುನೊಣವು ಒಂದು ಪಯಣದಲ್ಲಿ ಒಂದೇ ಜಾತಿಯ ಹೂಗಳನ್ನು ಸಂದರ್ಶಿಸುತ್ತದೆ, ಬೇರೆ ಜಾತಿಗೆ ಹೋಗುವುದಿಲ್ಲ ಎಂದು ಅವನು ಗಮನಿಸಿ ಬರೆದಿಟ್ಟಿದ್ದಾನೆ. ಈ ನಿಷ್ಠೆ ಇಲ್ಲದಿದ್ದರೆ ಬದನೆಯ ಪರಾಗ ಕುಂಬಳಕ್ಕೆ, ಕುಂಬಳದ್ದು ತುಂಬೆಗೆ ಸೇರಿ ಎಲ್ಲವೂ ನಿಷ್ಫಲವಾಗುತ್ತಿತ್ತು. ಸಂತ ತೋಮಸ್ ಅಕ್ವಿನಾಸರು ಇನ್ನೂ ಆಳಕ್ಕೆ ಇಳಿದರು. ದೇವರು ಇಷ್ಟೊಂದು ಬಗೆಯ ಜೀವಿಗಳನ್ನು ಏಕೆ ಸೃಷ್ಟಿಸಿದರು ಎಂಬ ಪ್ರಶ್ನೆಗೆ ಅವರ 'ದೈವಶಾಸ್ತ್ರ ಸಂಗ್ರಹ'ದ ಮೊದಲ ಭಾಗದ 47ನೆಯ ಪ್ರಶ್ನೆಯಲ್ಲಿ ಉತ್ತರವಿದೆ: ದೇವರ ಒಳ್ಳೆಯತನವನ್ನು ಯಾವ ಒಂದು ಸೃಷ್ಟಿಯೂ ತಾನೊಂದೇ ತೋರಿಸಲಾರದು, ಆದಕಾರಣ ಒಂದರಲ್ಲಿ ಕೊರತೆಯಾದುದನ್ನು ಇನ್ನೊಂದು ತುಂಬಲೆಂದು ಅನೇಕವನ್ನು ಉಂಟುಮಾಡಿದರು ಎಂಬುದು ಅದರ ತಾತ್ಪರ್ಯ. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅರ್ಥವಾದುದು ಆ ವೃದ್ಧೆಯ ಕುಂಬಳದ ಚಪ್ಪರದ ಕೆಳಗೆ. ಕೇಪಳದ ಸೂಜಿಯಂತಹ ನಾಳಕ್ಕೆ ಚಿಟ್ಟೆಯ ನಾಲಗೆ, ಕೆಂಪು ದಾಸವಾಳಕ್ಕೆ ಸೂರಕ್ಕಿಯ ಕೊಕ್ಕು, ಬದನೆಗೆ ದುಂಬಿಯ ಝೇಂಕಾರ, ಮಾವಿಗೆ ನೊಣ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಮೂಲೆಯ ಧರ್ಮ

ಹಾಗಾದರೆ ನಾವು ಮಾಡಬೇಕಾದುದೇನು? ಇಂದು ತೋಟವೆಂದರೆ ಏನನ್ನಾದರೂ ಕೊಂಡು ತಂದು ಸೇರಿಸುವುದೆಂಬ ಭಾವನೆ ಬೆಳೆದಿದೆ. ಪವಿತ್ರ ಗ್ರಂಥ ಬೇರೆಯದೇ ದಾರಿಯನ್ನು ತೋರುತ್ತದೆ. ಲೇವಿಯರ ಕಾಂಡದಲ್ಲಿ ದೇವರು ಇಸ್ರಯೇಲರಿಗೆ ಹೊಲದ ಅಂಚುಗಳನ್ನು ಪೂರ್ತಿಯಾಗಿ ಕೊಯ್ಯಬೇಡಿರೆಂದು, ಅದು ಬಡವರಿಗೂ ಪರದೇಶಿಗಳಿಗೂ ಇರಲೆಂದು ವಿಧಿಸುತ್ತಾರೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದಲ್ಲಿ ಒಂದು ಭಾಗವನ್ನು ಅಗೆಯದೆ ಬಿಡಲು ಸಹೋದರರಿಗೆ ಹೇಳಿದ್ದರು. ಅಲ್ಲಿ ಕಾಡುಹೂಗಳೂ ಹುಲ್ಲುಗಳೂ ತಾವಾಗಿ ಬೆಳೆಯಲಿ, ನೋಡಿದವರ ಮನಸ್ಸು ಸೃಷ್ಟಿಕರ್ತನತ್ತ ಏರಲಿ ಎಂಬುದು ಅವರ ಆಶಯ. 2015ರ ಮೇ 24ರ ದಿನಾಂಕದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರು ಈ ಪ್ರಸಂಗವನ್ನು ನೆನಪಿಸಿದ್ದಾರೆ; ಕೃಷಿವಿಷಗಳಿಂದ ಉಪಕಾರಿ ಕೀಟಗಳೂ ಪಕ್ಷಿಗಳೂ ಅಳಿಯುತ್ತಿರುವುದನ್ನು ಎತ್ತಿ ತೋರಿಸಿದ್ದಾರೆ.

ಆದುದರಿಂದ ನಮ್ಮ ವಿನಂತಿ ಸರಳವಾದುದು: ಪ್ರತಿ ಮನೆಯ ಹಿತ್ತಿಲಲ್ಲೂ ಒಂದು ಚಾಪೆ ಹಾಸುವಷ್ಟು ಜಾಗವನ್ನು ನಮ್ಮದಲ್ಲವೆಂದು ಬಿಡೋಣ. ಅಲ್ಲಿ ಸಿಮೆಂಟ್ ಬೇಡ, ಕಳೆನಾಶಕ ಬೇಡ, ಕಸದ ಬೆಂಕಿ ಬೇಡ. ಮೊದಲ ಮಳೆಗೇ ತುಂಬೆ ಮೊದಲಾದ ಗಿಡಗಳು ಯಾರೂ ನೆಡದೆ ಏಳುತ್ತವೆ. ಜೇನಿನ ಕುಲದ ಬಹುಪಾಲು ಪ್ರಭೇದಗಳು ತಟ್ಟು ಕಟ್ಟದೆ ಒಂಟಿಯಾಗಿ ಮಣ್ಣಿನಲ್ಲಿ ಬಿಲ ತೋಡಿ ಬಾಳುವಂತಹವು. ಅಂಗಳಕ್ಕೆಲ್ಲ ಬಿಲ್ಲೆ ಹಾಸಿದ ದಿನ ನಾವು ಅವುಗಳ ಮನೆಯ ಬಾಗಿಲುಗಳನ್ನು ಮುಚ್ಚಿದಂತೆ. ಬಿಲ್ಲೆ ಹಾಸಲೇಬೇಕಾದರೆ ಬಿಸಿಲು ಬೀಳುವ ಒಂದು ಪಟ್ಟಿ ಬರಿಯ ಮಣ್ಣನ್ನಾದರೂ ಬಿಡಬಹುದಲ್ಲವೇ?

ಏನು ನೆಡೋಣ?

ಉಳಿದ ಜಾಗದಲ್ಲಿ ನೆಡುವುದು ನಮ್ಮ ಹವೆಗೆ ಹೊಂದುವಂತಿರಲಿ. ವರ್ಷದ ಎಲ್ಲ ಕಾಲಗಳಲ್ಲೂ ಏನಾದರೊಂದು ಹೂ ಇರಬೇಕು. ಜೇನು ಒಂದು ತಿಂಗಳು ಉಂಡು ಮೂರು ತಿಂಗಳು ಉಪವಾಸವಿರಲಾರದು.

ಮೇ ತಿಂಗಳ ಕೊನೆಗೆ ಕರ್ಣಕುಂಡಲದ ಬೀಜ ಚೆಲ್ಲಿರಿ; ಮಾತೆಯ ಹಬ್ಬಕ್ಕೆ ಹೂ ಸಿದ್ಧ. ಕೇಪಳ ಮತ್ತು ದಾಸವಾಳದ ರೆಂಬೆ, ನುಗ್ಗೆಯ ಕೊಂಬೆ ನೆಡಲು ಮಳೆಗಾಲದ ಆರಂಭವೇ ತಕ್ಕ ಸಮಯ. ಆಷಾಢ ಶ್ರಾವಣಗಳ ಜಡಿಮಳೆ ಜೇನಿಗೆ ಬರಗಾಲ. ಹಾರಲು ಬಿಡುವಿಲ್ಲ, ಹೂವಿನ ಮಕರಂದ ತೊಳೆದುಹೋಗುತ್ತದೆ. ಆಗ ಆಸರೆಯಾಗುವುದು ಸುಮಾರಾಗಿ ತಿಂಗಳಿಗೊಂದು ಹೊಂಬಾಳೆ ಬಿಡುವ ನಮ್ಮ ತೆಂಗು. ಮಳೆ ಹಿಂಜರಿದ ಮೇಲೆ ತುಂಬೆ, ತುಳಸಿ, ಚೆಂಡುಹೂ. ಕೊಯ್ಲಾದ ಗದ್ದೆಗಳಲ್ಲಿ ಹಾಲಕ್ಕಿ ಒಕ್ಕಲಿಗರು ತರಕಾರಿ ಬೆಳೆಯುವ ಕಾಲಕ್ಕೆ ನಮ್ಮ ಹಿತ್ತಿಲಲ್ಲೂ ಬದನೆ, ಕುಂಬಳ, ಹೀರೆಗಳು ಇರಲಿ. ಅವರ ಸಾಲುಗಳ ಅಂಚಿನಲ್ಲಿ ಹೂಗಿಡಗಳೂ ಇರುತ್ತವೆ. ಅದು ಕೇವಲ ಅಲಂಕಾರವಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಮಾವು, ಗೇರು, ನೇರಳೆ, ಹೊಂಗೆಗಳು ಸರದಿಯಂತೆ ನೋಡಿಕೊಳ್ಳುತ್ತವೆ. ಕರಿಬೇವು ಮತ್ತು ಲಿಂಬೆಯ ಎಲೆಗಳಲ್ಲಿ ಹುಳು ಕಂಡರೆ ಹೊಸಕಬೇಡಿರಿ; ಕೆಲವೇ ವಾರಗಳಲ್ಲಿ ಅದು ಚಿಟ್ಟೆಯಾಗಿ ನಿಮ್ಮ ಕೇಪಳಕ್ಕೆ ಬರುತ್ತದೆ. ದೇವಬಾಗ, ಮಾಜಾಳಿಗಳಂತಹ ಮರಳು ದಂಡೆಯಲ್ಲಿ ಮನೆಯಿರುವವರು ಹೊನ್ನೆಯ ಸಸಿಯನ್ನು ನೆಡಬಹುದು. ಅದು ಉಪ್ಪುಗಾಳಿಯನ್ನು ತಡೆಯುತ್ತದೆ, ಅದರ ಸುವಾಸನೆಯ ಬಿಳಿ ಹೂಗಳಿಗೆ ಜೇನು ಮುತ್ತುತ್ತದೆ. ತೀರದುದ್ದಕ್ಕೂ ಕಾಣುವ ಗಾಳಿಮರ ಮರಳನ್ನೇನೋ ಹಿಡಿಯುತ್ತದೆ, ಆದರೆ ಅದರ ಪರಾಗ ಗಾಳಿಯ ಪಾಲು. ಜೇನಿಗೆ ಅಲ್ಲಿ ಮಕರಂದವಿಲ್ಲ.

ಒಂದು ಎಚ್ಚರಿಕೆ: ಹೂ ಒಂಟಿದಳದ್ದಾಗಿರಲಿ. ಎಸಳಿನ ಮೇಲೆ ಎಸಳು ತುಂಬಿದ ಹೈಬ್ರಿಡ್ ದಾಸವಾಳ, ಚೆಂಡುಹೂಗಳಲ್ಲಿ ಬಹಳಷ್ಟು ಸಲ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಅವು ನೋಟಕ್ಕೆ ಔತಣ, ಬಾಯಿಗೆ ಬರಿತಟ್ಟೆ.

ಹಳೆಯ ಚಿರೇಕಲ್ಲಿನ ಗೋಡೆಯ ಸಂದಿನಲ್ಲಿ ಮೇಣದ ಪುಟ್ಟ ಕೊಳವೆಯೊಂದು ಹೊರಚಾಚಿದ್ದರೆ ಅದು ಮಿಸ್ರಿ ಜೇನಿನ ಬಾಗಿಲು. ಅದಕ್ಕೆ ಕೊಂಡಿಯಿಲ್ಲ, ಮಕ್ಕಳಿಗೂ ವೃದ್ಧರಿಗೂ ಭಯವಿಲ್ಲ. ಗೋಡೆಗೆ ಗಿಲಾವು ಮಾಡಿಸುವಾಗ ಆ ಕೊಳವೆಯನ್ನು ಮುಚ್ಚದಂತೆ ಕೆಲಸದವರಿಗೆ ಹೇಳಿರಿ. ತುಡುವೆ ಸಾಕುವ ಆಸಕ್ತಿಯುಳ್ಳವರು ಹಿರಿಯ ಸಾಕಣೆಗಾರರನ್ನು ಕೇಳಿ ಕಲಿಯಿರಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ಅಳಿಸಿಹಾಕಿತ್ತು; ಪೆಟ್ಟಿಗೆಗಳು ಖಾಲಿಯಾಗಿ ಅಟ್ಟ ಸೇರಿದುವು. ಬದುಕಿ ಉಳಿದ ಕುಟುಂಬಗಳಿಂದಲೂ ಕಾಡಿನ ಗೂಡುಗಳಿಂದಲೂ ಮೆಲ್ಲಮೆಲ್ಲನೆ ಜೇನು ಚೇತರಿಸಿಕೊಂಡಿತು. ಬಿಟ್ಟ ಮೂಲೆಗಳ ಬೆಲೆ ತಿಳಿಯುವುದು ಇಂತಹ ಆಪತ್ತಿನಲ್ಲಿ.

ವಿಷದ ವಿಚಾರದಲ್ಲಿ ಮಾತು ಕಟ್ಟುನಿಟ್ಟಾಗಿರಲಿ. ಹೂ ಅರಳಿರುವ ಗಿಡದ ಮೇಲೆ ಕೀಟನಾಶಕ ಸಿಂಪಡಿಸಬಾರದು. ಮಾವಿಗೆ ಜಿಗಿಹುಳುವಿನ ಔಷಧ ಅನಿವಾರ್ಯವಾದರೆ ಹೂ ಬಿರಿಯುವ ಮುನ್ನ ಅಥವಾ ಮಿಡಿ ಕಚ್ಚಿದ ಮೇಲೆ ಮಾತ್ರ. ಬೇವಿನೆಣ್ಣೆಯನ್ನಾದರೂ ಸಂಜೆ, ಜೇನು ಮರಳಿದ ಮೇಲೆ, ಎಲೆಗಳಿಗೆ ಮಾತ್ರ. ಬೇಸಿಗೆಯಲ್ಲಿ ಅಗಲವಾದ ತಟ್ಟೆಯಲ್ಲಿ ಕಲ್ಲುಗಳನ್ನಿಟ್ಟು ನೀರು ಹಾಕಿರಿ. ಕಲ್ಲಿನ ಮೇಲೆ ಕುಳಿತು ಜೇನು ಕುಡಿಯುತ್ತದೆ. ನೀರನ್ನು ದಿನವೂ ಬದಲಿಸಿದರೆ ಸೊಳ್ಳೆಯ ಭಯವಿಲ್ಲ.

ಕೆಲವು ಆಕ್ಷೇಪಗಳು

ಮೂಲೆ ಬಿಟ್ಟರೆ ಹಾವು ಬರುವುದಿಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೂಲೆ ಮನೆಯ ಬಾಗಿಲಿನಿಂದ ದೂರವಿರಲಿ, ಅಲ್ಲಿ ಕಲ್ಲುರಾಶಿ, ಕಟ್ಟಿಗೆಯ ಒಟ್ಟಿಲು ಬೇಡ, ದಾರಿಯ ಹುಲ್ಲನ್ನು ಕತ್ತರಿಸಿರಿ. ಜಾಗವೇ ಇಲ್ಲ ಎನ್ನುವವರಿದ್ದಾರೆ. ಅವರ ನೋವು ನಮಗೆ ಗೊತ್ತು. ಸೀಬರ್ಡ್ ನೌಕಾನೆಲೆಗಾಗಿ ಊರುಗಳನ್ನೇ ತೆರವು ಮಾಡಿ ಬಂದ ಕುಟುಂಬಗಳು ನಮ್ಮ ಧರ್ಮಪ್ರಾಂತದಲ್ಲಿವೆ. ಹೆದ್ದಾರಿಯ ಅಗಲೀಕರಣಕ್ಕೆ ಅಂಗಳ ಕೊಟ್ಟವರಿದ್ದಾರೆ. ವಿಶಾಲವಾದ ಹಿತ್ತಿಲಿನಿಂದ ನಾಲ್ಕು ಗೋಡೆಯ ನಡುವಿನ ನಿವೇಶನಕ್ಕೆ ಬಂದವರಿಗೆ 'ಜಾಗ ಬಿಡಿ' ಎನ್ನುವುದು ಸುಲಭವಲ್ಲ. ಅವರಿಗೆ ಒಂದು ಕುಂಡ ಸಾಕು. ತುಳಸಿಯೋ ಒಂಟಿದಳದ ಚೆಂಡುಹೂವೋ ಇರುವ ಒಂದು ಕುಂಡ. ವಿಧವೆಯ ಎರಡು ಕಾಸುಗಳನ್ನು ಮೆಚ್ಚಿದ ಪ್ರಭು ಒಂದು ಕುಂಡವನ್ನೂ ಮೆಚ್ಚಿಯಾರು.

ಹೆಜ್ಜೇನಿನ ಭಯ ಸುಳ್ಳಲ್ಲ. ಕೆಣಕಿದರೆ ಅದು ಪ್ರಾಣಾಪಾಯವನ್ನು ತರಬಲ್ಲುದು. ಆದರೆ ಕೆಣಕುವುದು ಬೇಡ ಎಂಬುದೇ ನಮ್ಮ ಮಾತು. ಹೊಗೆ, ಕಲ್ಲು, ಪಟಾಕಿಗಳಿಂದ ದೂರವಿರಿ, ತಟ್ಟಿನ ಕೆಳಗಿನ ದಾರಿಯನ್ನು ಕೆಲವು ವಾರ ಬದಲಿಸಿರಿ. ಋತು ಮುಗಿದಾಗ ಅದು ತಾನಾಗಿ ಹೋಗುತ್ತದೆ. ತೀರ ಅನಿವಾರ್ಯವಾದರೆ ಕೊಲ್ಲದೆ ತೆಗೆಯಬಲ್ಲ ಅನುಭವಿಗಳನ್ನು ಕರೆಯಿಸಿರಿ. ಸೂಡಿಯನ್ನು ಮಾತ್ರ ಹಚ್ಚಬೇಡಿರಿ. ಹಚ್ಚಿಸಿದವರು ಹೇಳುತ್ತಿದ್ದೇವೆ.

ಆ ವೃದ್ಧೆಯ ಬಳ್ಳಿಯ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಅಂದು ಬಳ್ಳಿಯನ್ನು ಆಶೀರ್ವದಿಸಿದ ಮೇಲೆ, ಬೆಳಗಿನ ಜಾವ ಗಂಡು ಹೂವನ್ನು ಕಿತ್ತು ಎಸಳು ಸುಲಿದು ಹೆಣ್ಣು ಹೂವಿಗೆ ಮುಟ್ಟಿಸುವ ಕ್ರಮವನ್ನು ನಾವು ಅವರಿಗೆ ತೋರಿಸಿದೆವು. "ಇದು ಹುಳುವಿನ ಕೆಲಸ, ಹುಳು ಬರುವ ತನಕ ನೀವು ಮಾಡಿ" ಎಂದೆವು. ಅವರು ನಕ್ಕರು. ಆದರೆ ಮಾಡಿದರು. ಜೊತೆಗೆ ಬಾವಿಯ ಹಿಂದಿನ ನಾಲ್ಕು ಸಾಲು ಬಿಲ್ಲೆಗಳನ್ನು ತಾವೇ ಆಳು ಕರೆಸಿ ತೆಗೆಸಿದರು. ದೇವಾಲಯದ ಆವರಣದಲ್ಲಿಯೂ ಸ್ಮಶಾನದ ಗೋಡೆಗೆ ತಾಗಿದ ಒಂದು ತುಂಡು ನೆಲವನ್ನು ನಾವು ಗುಡಿಸದೆ ಬಿಟ್ಟೆವು. ಹಬ್ಬದ ಸಮಿತಿಯವರಿಗೆ ಅದು ಅಚ್ಚುಕಟ್ಟಿಲ್ಲವೆಂದು ಇಂದಿಗೂ ಅಸಮಾಧಾನವಿದೆ.

ಕಳೆದ ಹಂಗಾಮಿನಲ್ಲಿ ಆ ತಾಯಿ ಭಾನುವಾರದ ಕಾಣಿಕೆಯ ಹೊತ್ತಿಗೆ ಒಂದು ಕುಂಬಳವನ್ನು ಎದೆಗವಚಿಕೊಂಡು ತಂದರು. "ಇದು ನಾನು ಮುಟ್ಟಿಸಿದ್ದಲ್ಲ ಫಾದರ್, ತಾನಾಗಿ ಆದದ್ದು" ಎಂದು ಮೆಲ್ಲನೆ ಹೇಳಿದರು. ನಾವು ಅದನ್ನು ರೊಟ್ಟಿ ದ್ರಾಕ್ಷಾರಸಗಳ ಬಳಿ, ಬಲಿಪೀಠದ ಕೆಳಗೆ ಇರಿಸಿದೆವು.

ಮುಂದಿನ ನವದಿನಕ್ಕೆ ಮಕ್ಕಳಿಗೆ ನಾವು ಒಂದೇ ನಿಯಮವನ್ನು ಹೇಳಲಿದ್ದೇವೆ: ಹೂ ಒಂದೇ ಆದರೂ ಸರಿ, ಅದು ನಿಮ್ಮ ಅಂಗಳದ್ದಾಗಿರಲಿ. ಕೊಯ್ಯುವ ಮೊದಲು ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿರಿ. ಇದ್ದರೆ, ಅವರು ಹೊರಡುವ ತನಕ ಕಾಯಿರಿ. ಮಾತೆ ಮರಿಯಮ್ಮನವರೂ ಕಾಯುತ್ತಾರೆ.